ಗಾಡಿ ಮೇಲಿನ ಹ್ಯಾಮ್ ರೇಡಿಯೊ ಆಂಟೆನಾ: ಉದ್ದ ಇದ್ದಷ್ಟೂ ಒಳ್ಳೆಯದೇ?

ಮಳವಳ್ಳಿಯಿಂದ ಹಲಗೂರು ದಾಟಿ ಮುತ್ತತ್ತಿಯ ಕಾಡಿನ ರಸ್ತೆಗೆ ಇಳಿದವರಿಗೆ ಗೊತ್ತು, ಕೆಲವು ತಿರುವು ಕಳೆಯುವಷ್ಟರಲ್ಲಿ ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಇಂಥ ಕಡೆಗೆ ಕ್ಯಾರವಾನ್‌ನಲ್ಲೋ ಟೆಂಪೊ ಟ್ರಾವೆಲರ್‌ನಲ್ಲೋ ಹೋಗುವವರಿಗೆ ‘ಒಂದು ಹ್ಯಾಮ್ ರೇಡಿಯೊ ಇದ್ದಿದ್ದರೆ’ ಅನ್ನಿಸುವುದು ಸಹಜ. ಆದರೆ ಗಾಡಿಯ ಮೇಲೆ ಆಂಟೆನಾ ಕೂರಿಸುವ ಮಾತು ಬಂದ ಕೂಡಲೇ ಗ್ರೂಪುಗಳಲ್ಲಿ ಬಗೆಬಗೆಯ ಸಲಹೆಗಳು ಹರಿದಾಡುತ್ತವೆ. ‘ಆಂಟೆನಾ ಉದ್ದ ಇದ್ದಷ್ಟೂ ದೂರ ಕೇಳುತ್ತದೆ’, ‘ಆಂಟೆನಾ ಸಿಡಿಲನ್ನು ಎಳೆಯುತ್ತದೆ’, ‘ಟೈರ್ ರಬ್ಬರ್ ತಾನೆ, ಕರೆಂಟ್ ಹೊಡೆಯಲ್ಲ’. ಇವುಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಜೀವಕ್ಕೇ ಕುತ್ತು ತರುವಂಥದ್ದು?

ಚುಟುಕಾಗಿ ಉತ್ತರ: ಆಂಟೆನಾ ಎಷ್ಟು ಉದ್ದವಿದೆ ಎನ್ನುವುದಕ್ಕಿಂತ ಅದನ್ನು ಎಲ್ಲಿ, ಯಾವುದರ ಮೇಲೆ ಕೂರಿಸಿದ್ದೀರಿ ಎನ್ನುವುದು ಮುಖ್ಯ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ತಲೆಯ ಮೇಲಿನ ವಿದ್ಯುತ್ ತಂತಿಗೆ.

ಮೊದಲು ಲೈಸೆನ್ಸ್

ಹ್ಯಾಮ್ ರೇಡಿಯೊ ಎಂದರೆ ಹವ್ಯಾಸಿಗಳಿಗಾಗಿ ಮೀಸಲಿಟ್ಟ ಫ್ರೀಕ್ವೆನ್ಸಿಗಳಲ್ಲಿ ನಡೆಯುವ ರೇಡಿಯೊ ಸಂಪರ್ಕ. ಮೊಬೈಲ್ ಟವರ್ ಬೇಡ, ಇಂಟರ್ನೆಟ್ ಬೇಡ. ಒಂದು ಸೆಟ್‌ನಿಂದ ಇನ್ನೊಂದು ಸೆಟ್‌ಗೆ ನೇರವಾಗಿ ಮಾತು ಹೋಗುತ್ತದೆ. ವಿಪತ್ತಿನ ಕಾಲದಲ್ಲಿ ಇದರ ಬೆಲೆ ತಿಳಿಯುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಫೋನ್ ಸಂಪರ್ಕ ಕಡಿದಿದ್ದ ದಿನಗಳಲ್ಲಿ ದ್ವೀಪದ ಸುದ್ದಿ ಹೊರಜಗತ್ತಿಗೆ ಮುಟ್ಟಿದ ದಾರಿಗಳಲ್ಲಿ ಅವರ ರೇಡಿಯೊ ಕೂಡ ಒಂದು.

ಆದರೆ ಸೆಟ್ ಕೊಂಡು ತಂದು ನೇರವಾಗಿ ಮಾತಾಡುವ ಹಾಗಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ನಡೆಸುವ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಅರ್ಜಿ ಸಲ್ಲಿಸಲು ‘ಸರಳ್ ಸಂಚಾರ್’ ಪೋರ್ಟಲ್ ಇದೆ. ಪಾಸಾದವರಿಗೆ ದರ್ಜೆಗೆ ತಕ್ಕಂತೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತ ಸಿಗುತ್ತದೆ. ಯಾವ ಫ್ರೀಕ್ವೆನ್ಸಿ, ಎಷ್ಟು ವ್ಯಾಟ್ ಎನ್ನುವುದೂ ದರ್ಜೆಯಂತೆಯೇ. ಗಾಡಿಯಿಂದ ಬಳಸುವ ಮೊದಲು ನಿಮ್ಮ ಲೈಸೆನ್ಸಿನ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿ.

‘ಆನ್‌ಲೈನ್‌ನಲ್ಲೇ ಸಿಗುತ್ತದೆ, ಅಂದಮೇಲೆ ಕಾನೂನುಬದ್ಧ’ ಎಂಬ ವಾದವನ್ನು ನಂಬಬೇಡಿ. ಅಕ್ರಮವಾಗಿ ವಾಕಿಟಾಕಿ ಮಾರುವುದನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಮಾರುಕಟ್ಟೆಗಳಿಗೆ ಮಾರ್ಗಸೂಚಿ ಹೊರಡಿಸಿದೆ.

ಉದ್ದ ಇದ್ದಷ್ಟೂ ದೂರ ಕೇಳುತ್ತದೆಯೇ?

ಅರ್ಧ ನಿಜ. ಆಂಟೆನಾದ ಉದ್ದ ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ರೇಡಿಯೊ ಅಲೆಯ ಉದ್ದಕ್ಕೆ ಅದು ಹೊಂದಿಕೊಳ್ಳಬೇಕು. ಲೆಕ್ಕ ಸುಲಭ: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ಭಾರತದಲ್ಲಿ ಹ್ಯಾಮ್‌ಗಳು ಹೆಚ್ಚಾಗಿ ಬಳಸುವ ಒಂದು ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಅಲ್ಲಿ ಅಲೆಯ ಉದ್ದ ಸುಮಾರು 2 ಮೀಟರ್. ಗಾಡಿಗೆ ಹೊಂದುವ ಸರಳ ಆಂಟೆನಾ ಎಂದರೆ ಅದರ ಕಾಲು ಭಾಗ, ಅಂದರೆ ಸುಮಾರು 50 ಸೆಂಟಿಮೀಟರ್. ಒಂದು ಮೊಳಕ್ಕಿಂತ ಸ್ವಲ್ಪವೇ ಹೆಚ್ಚು. ಅದನ್ನು 70 ಸೆಂಟಿಮೀಟರ್ ಮಾಡಿಬಿಟ್ಟರೆ ದೂರ ಹೆಚ್ಚುವುದಿಲ್ಲ, ಹೊಂದಾಣಿಕೆ ಕೆಡುತ್ತದೆ.

ಹೊಂದಿಕೆ ಕೆಟ್ಟರೆ ಏನಾಗುತ್ತದೆ? ಸೆಟ್ ಕಳಿಸಿದ ಶಕ್ತಿಯ ಒಂದು ಭಾಗ ಆಂಟೆನಾದಿಂದ ಹೊರಗೆ ಹೋಗದೆ ಕೇಬಲ್‌ನಲ್ಲೇ ವಾಪಸ್ ಬರುತ್ತದೆ. ಇದನ್ನು ಅಳೆಯಲು ಎಸ್‌ಡಬ್ಲ್ಯೂಆರ್ ಮೀಟರ್ ಇದೆ. ಅದರಲ್ಲಿ 1.5 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಚೆನ್ನಾಗಿದೆ ಎಂದರ್ಥ. 3ರ ಮೇಲೆ ಹೋದರೆ ಮಾತಾಡುವುದನ್ನು ನಿಲ್ಲಿಸಿ ತಪ್ಪು ಹುಡುಕಬೇಕು. ಇಲ್ಲದಿದ್ದರೆ ಸೆಟ್ಟೇ ಹಾಳಾಗಬಹುದು.

ದೂರ ಹೆಚ್ಚಿಸುವುದು ಉದ್ದವಲ್ಲ, ಎತ್ತರ. ಈ ಬ್ಯಾಂಡ್‌ನ ಅಲೆಗಳು ಹೆಚ್ಚುಕಡಿಮೆ ನೇರ ಸಾಗುತ್ತವೆ, ಭೂಮಿ ದುಂಡಗಿದೆ. ಬಯಲಿನಲ್ಲಿ 2 ಮೀಟರ್ ಎತ್ತರದ ಆಂಟೆನಾ ಇರುವ ಎರಡು ಗಾಡಿಗಳ ನಡುವೆ ಲೆಕ್ಕದ ಪ್ರಕಾರ ಸುಮಾರು 11 ಕಿಲೋಮೀಟರ್ ದಾಟುವುದು ಕಷ್ಟ. ಮದ್ದೂರಿನ ತೆಂಗಿನ ತೋಟಗಳ ನಡುವೆ ಇನ್ನೂ ಕಡಿಮೆಯೇ. ಅದೇ ಒಂದು ಆಂಟೆನಾ ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರದ ಗುಡ್ಡದ ಮೇಲಿದ್ದರೆ ಲೆಕ್ಕ 45 ಕಿಲೋಮೀಟರ್ ದಾಟುತ್ತದೆ. ಮಾತನ್ನು ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್‌ಗಳನ್ನು ಬೆಟ್ಟದ ಮೇಲೆ ಇಡುವುದು ಇದಕ್ಕಾಗಿಯೇ. ಗಾಡಿಯನ್ನು ದಿಣ್ಣೆಯ ಮೇಲೆ ನಿಲ್ಲಿಸುವುದರಿಂದ ಆಗುವ ಲಾಭ ಆಂಟೆನಾಗೆ ಒಂದಡಿ ಸೇರಿಸುವುದರಿಂದ ಆಗುವುದಿಲ್ಲ.

ಗಾಡಿಯೇ ಆಂಟೆನಾದ ಅರ್ಧ

ಫಾರ್ವರ್ಡ್‌ಗಳು ಸಾಮಾನ್ಯವಾಗಿ ಹೇಳದ ವಿಷಯ ಇದು. ಚಾವಣಿಯ ಮೇಲೆ ಕಾಣುವ ಕಡ್ಡಿ ಆಂಟೆನಾದ ಅರ್ಧ ಭಾಗ ಮಾತ್ರ. ಇನ್ನರ್ಧ ಕೆಲಸ ಮಾಡುವುದು ಅದರ ಕೆಳಗಿನ ಲೋಹದ ಚಾವಣಿ. ಹಾಗಾಗಿ ಲೋಹದ ಚಾವಣಿಯ ನಡುಮಧ್ಯವೇ ಅತ್ಯುತ್ತಮ ಜಾಗ. ಅಲ್ಲಿಂದ ಎಲ್ಲ ದಿಕ್ಕಿಗೂ ಸಮನಾಗಿ ಅಲೆ ಹರಡುತ್ತದೆ. ಬಂಪರ್‌ಗೆ ಸಿಕ್ಕಿಸಿದರೆ ಗಾಡಿಯ ಮೈಯೇ ಒಂದು ದಿಕ್ಕಿಗೆ ಅಡ್ಡ ಬರುತ್ತದೆ.

ಮ್ಯಾಗ್ನೆಟ್ ಬುಡದ ಆಂಟೆನಾ ಸುಲಭ, ತೂತು ಕೊರೆಯಬೇಕಿಲ್ಲ. ಆದರೆ ಮ್ಯಾಗ್ನೆಟ್ ಹಿಡಿಯುವುದು ಉಕ್ಕಿನ ತಗಡಿಗೆ ಮಾತ್ರ, ಅಲ್ಯೂಮಿನಿಯಂಗೂ ಫೈಬರ್‌ಗೂ ಹಿಡಿಯುವುದಿಲ್ಲ. ಕ್ಯಾರವಾನ್ ಮತ್ತು ಟ್ರೇಲರ್‌ಗಳ ಚಾವಣಿ ಹಲವು ಕಡೆ ಫೈಬರ್ ಅಥವಾ ಅಲ್ಯೂಮಿನಿಯಂ. ಕೊಳ್ಳುವ ಮೊದಲು ಫ್ರಿಜ್‌ಗೆ ಅಂಟಿಸುವ ಒಂದು ಮ್ಯಾಗ್ನೆಟ್ ತಂದು ಚಾವಣಿಗೆ ತಾಗಿಸಿ ನೋಡಿ, ಅಷ್ಟು ಸಾಕು.

ಚಾವಣಿ ಫೈಬರ್ ಆಗಿದ್ದರೆ ಮೂರು ದಾರಿಗಳಿವೆ:

• ಸುಮಾರು 1 ಮೀಟರ್ ಅಗಲದ ಲೋಹದ ತಗಡನ್ನು ಚಾವಣಿಗೆ ಭದ್ರವಾಗಿ ಕೂರಿಸಿ, ಅದರ ಮಧ್ಯೆ ಆಂಟೆನಾ ಇಡುವುದು.
• ತಗಡಿನ ಬದಲು ಬುಡದಿಂದ ನಾಲ್ಕು ದಿಕ್ಕಿಗೆ 50 ಸೆಂಟಿಮೀಟರ್ ಉದ್ದದ ನಾಲ್ಕು ತಂತಿ ಹರಡುವುದು.
• ಕೆಳಗೆ ಲೋಹ ಬೇಕಿಲ್ಲದ, ಅರ್ಧ ಅಲೆ ಉದ್ದದ ಆಂಟೆನಾ ಕೊಳ್ಳುವುದು.

ಕೇಬಲ್ ಚಿಕ್ಕದಿದ್ದಷ್ಟೂ ಒಳ್ಳೆಯದು. ಸಾಮಾನ್ಯವಾಗಿ ಸಿಗುವ ಆರ್‌ಜಿ-58 ಕೇಬಲ್ 5 ಮೀಟರ್ ಹಾಕಿದರೆ ಈ ಬ್ಯಾಂಡ್‌ನಲ್ಲಿ ಸುಮಾರು ಐದನೇ ಒಂದು ಭಾಗ ಶಕ್ತಿ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ತೂತು ಕೊರೆದಿದ್ದರೆ ರಬ್ಬರ್ ವಾಷರ್, ಸಿಲಿಕಾನ್ ಹಾಕಿ ನೀರು ಇಳಿಯದಂತೆ ಮುಚ್ಚಿ. ಸೆಟ್‌ಗೆ ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕೊಡಬೇಡಿ. 50 ವ್ಯಾಟ್‌ನ ಸೆಟ್ ಮಾತಾಡುವಾಗ 10 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ಫ್ಯೂಸ್ ಇಲ್ಲದ ವೈರ್ ಉಜ್ಜಿ ಶಾರ್ಟ್ ಆದರೆ ಗಾಡಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಕಣಿವೆಯಲ್ಲಿ ಕಂಬ ಬೇಡ, ತಂತಿ ಸಾಕು

ಮತ್ತೆ ಮುತ್ತತ್ತಿಗೆ ಬರೋಣ. ಸುತ್ತ ಬೆಟ್ಟ, ನಡುವೆ ಕಾವೇರಿ. ನೇರ ಸಾಗುವ ಅಲೆಗಳು ಬೆಟ್ಟಕ್ಕೆ ಬಡಿದು ಅಲ್ಲೇ ಮುಗಿಯುತ್ತವೆ. ಇಲ್ಲಿ ನೆರವಿಗೆ ಬರುವುದು 7 ಮೆಗಾಹರ್ಟ್ಸ್ ಆಸುಪಾಸಿನ ಉದ್ದ ಅಲೆಗಳು. ಅವನ್ನು ನೇರ ಆಕಾಶಕ್ಕೆ ಕಳಿಸಿದರೆ ಅಯಾನುಗೋಳದಿಂದ ಹಿಂದಿರುಗಿ ಕೆಲವು ನೂರು ಕಿಲೋಮೀಟರ್ ಸುತ್ತಳತೆಗೆ ಬೀಳುತ್ತವೆ. ಹಗಲಿನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ಅದೇ ಅಲೆಗಳು ಹತ್ತಿರದವರನ್ನು ಬಿಟ್ಟು ದೂರಕ್ಕೆ ಹಾರಿಹೋಗಬಹುದು.

ಈ ಅಲೆಯ ಕಾಲು ಭಾಗವೇ 10 ಮೀಟರ್‌ಗೂ ಹೆಚ್ಚು. ಅಷ್ಟುದ್ದದ ಕಡ್ಡಿಯನ್ನು ಗಾಡಿಯ ಮೇಲೆ ಇಡಲಾಗದು. ಹಾಗಾಗಿ ಮಧ್ಯೆ ಸುರುಳಿ ಸುತ್ತಿದ 2 ಮೀಟರ್ ಆಸುಪಾಸಿನ ಕಡ್ಡಿ ಬಳಸುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತದೆ. ಗಾಡಿ ನಿಂತಾಗ ಇದಕ್ಕಿಂತ ಅಗ್ಗದ, ಒಳ್ಳೆಯ ಉಪಾಯವಿದೆ. ತಲಾ 10 ಮೀಟರ್‌ನ ಎರಡು ತಂತಿಗಳನ್ನು ನೈಲಾನ್ ಹಗ್ಗದಿಂದ ಮರಗಳಿಗೆ ಕಟ್ಟುವುದು. 4–5 ಮೀಟರ್ ಎತ್ತರ ಸಾಕು. ಎತ್ತರದ ಕಂಬ ನೆಡುವ ಪ್ರಮೇಯವೇ ಇಲ್ಲ. ಮುತ್ತತ್ತಿಯ ಸುತ್ತ ಇರುವುದು ಕಾವೇರಿ ವನ್ಯಜೀವಿ ಧಾಮ, ಹಾಗಾಗಿ ತಂಗುವುದಕ್ಕೆ, ತಂತಿ ಕಟ್ಟುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಮುಂದುವರಿಯಿರಿ.

ಆಂಟೆನಾ ಸಿಡಿಲನ್ನು ಎಳೆಯುತ್ತದೆಯೇ?

ದೂರದ ಮೋಡದಿಂದ ಸಿಡಿಲನ್ನು ಕರೆತರುವ ಶಕ್ತಿ ಯಾವ ಆಂಟೆನಾಗೂ ಇಲ್ಲ. ಆದರೆ ಸಿಡಿಲು ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತದ್ದಕ್ಕೆ ಬಡಿಯುವ ಸಂಭವ ಹೆಚ್ಚು. ಖಾಲಿ ಗದ್ದೆಯಲ್ಲಿ ಕಂಬ ಎತ್ತಿ ನಿಂತ ಗಾಡಿಯೂ ಅಂಥದ್ದೇ.

ಸಿಡಿಲಿನ ಹೊತ್ತಿನಲ್ಲಿ ಕಾರಿನೊಳಗೆ ಕಾಪಾಡುವುದು ಟೈರ್ ಅಲ್ಲ. ಮೋಡದಿಂದ ನೆಲದವರೆಗೆ ಗಾಳಿಯನ್ನೇ ಸೀಳಿಕೊಂಡು ಬರುವ ವಿದ್ಯುತ್ತಿಗೆ ಅರ್ಧ ಅಡಿ ರಬ್ಬರ್ ಯಾವ ಲೆಕ್ಕ? ಕಾಪಾಡುವುದು ಲೋಹದ ಮೈ. ವಿದ್ಯುತ್ ಅದರ ಹೊರಮೈಯಲ್ಲಿ ಹರಿದು ನೆಲಕ್ಕೆ ಹೋಗುತ್ತದೆ. ಫೈಬರ್ ಕ್ಯಾರವಾನ್‌ನಲ್ಲಿ ಆ ರಕ್ಷಣೆ ಇಲ್ಲ. ಜತೆಗೆ ಆಂಟೆನಾ ಕೇಬಲ್ ಸಿಡಿಲಿಗೆ ಒಳಗೆ ಬರಲು ದಾರಿ ಮಾಡಿಕೊಡುತ್ತದೆ. ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಮಧ್ಯಾಹ್ನ ಮೋಡ ಕಟ್ಟುತ್ತಿದ್ದಂತೆಯೇ ಆಂಟೆನಾ ಇಳಿಸಿ, ಕೇಬಲ್ ಕಳಚಿ ಹೊರಗಿಡಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಅಪಾಯದ ದೂರದಲ್ಲಿದೆ. ಆಗ ಆಂಟೆನಾ ಮುಟ್ಟಲು ಹೊರಗೆ ಹೋಗಬೇಡಿ. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಕಾಯಿರಿ.

ರೇಡಿಯೇಷನ್ ಭಯ?

ಹ್ಯಾಮ್ ರೇಡಿಯೊ ಅಲೆಗಳು ಎಕ್ಸ್‌ರೇ ಥರದವಲ್ಲ, ಅವು ಅಣುಗಳನ್ನು ಒಡೆಯುವುದಿಲ್ಲ. ಹೆಚ್ಚು ಶಕ್ತಿ ಹತ್ತಿರದಿಂದ ತಾಗಿದರೆ ಮೈಯನ್ನು ಬಿಸಿ ಮಾಡಬಲ್ಲವು. ಮಾತಾಡುವಾಗ ಆಂಟೆನಾ ಮುಟ್ಟಿದರೆ ಸುಟ್ಟ ಗಾಯವಾಗುತ್ತದೆ. ಲೋಹದ ಚಾವಣಿಯ ಮಧ್ಯೆ ಕೂರಿಸಿದರೆ ಒಳಗಿರುವವರಿಗೂ ಆಂಟೆನಾಗೂ ನಡುವೆ ತಗಡೇ ಗೋಡೆಯಾಗುತ್ತದೆ. ಫೈಬರ್ ಚಾವಣಿಯಾದರೆ ಮಲಗುವ ಜಾಗದ ನೇರ ಮೇಲೆ ಆಂಟೆನಾ ಇಡಬೇಡಿ. ಯಾರಾದರೂ ಹತ್ತಿರ ನಿಂತಿದ್ದರೆ ಮಾತಾಡುವುದನ್ನು ತಡೆಯಿರಿ.

ನಿಜವಾದ ಅಪಾಯ ತಲೆಯ ಮೇಲಿದೆ

ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ, ನಾಲೆ ಏರಿಯ ಮೇಲೆ ಗಾಡಿ ಓಡಿಸಿದವರಿಗೆ ಜೋತುಬಿದ್ದ ತಂತಿಗಳು ಹೊಸತಲ್ಲ. ಸುರಕ್ಷತಾ ನಿಯಮದ ಪ್ರಕಾರ 11 ಸಾವಿರ ವೋಲ್ಟ್‌ನ ಬರಿ ತಂತಿ ರಸ್ತೆಗೆ ಅಡ್ಡ ಹಾಯುವಲ್ಲಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು. ರಸ್ತೆಯಲ್ಲದ ಕಡೆ, ಅಂದರೆ ಗದ್ದೆ ಬಯಲಿನಲ್ಲಿ, 4.6 ಮೀಟರ್ ಇದ್ದರೂ ಸಾಕು.

ಈಗ ಲೆಕ್ಕ ಹಾಕಿ. 3 ಮೀಟರ್ ಎತ್ತರದ ಕ್ಯಾರವಾನ್. ಅದರ ಮೇಲೆ 2 ಮೀಟರ್ ಕಡ್ಡಿ. ಒಟ್ಟು 5 ಮೀಟರ್. ಗಾಡಿಯನ್ನು ರಸ್ತೆಯಿಂದ ಗದ್ದೆಯ ಬದಿಗೆ ಇಳಿಸಿದರೆ, ತಂತಿ ನಿಯಮದಂತೆಯೇ ಇದ್ದರೂ ಕಡ್ಡಿ ಅದಕ್ಕೆ ತಾಗುತ್ತದೆ. ಜೋತುಬಿದ್ದಿದ್ದರೆ ಕೇಳುವುದೇ ಬೇಡ. ತಾಗಿದ ಕ್ಷಣದಲ್ಲಿ ಕೇಬಲ್‌ನ ಮೂಲಕ ಗಾಡಿಯ ಇಡೀ ಮೈಗೆ ಕರೆಂಟ್ ಹರಿಯುತ್ತದೆ. ಟೈರ್ ತಡೆಯುತ್ತದೆ ಎಂಬ ನಂಬಿಕೆ ಇಲ್ಲಿ ಕೊಲ್ಲುತ್ತದೆ. ಏನಾಯಿತು ಎಂದು ನೋಡಲು ಒಂದು ಕಾಲು ನೆಲಕ್ಕಿಟ್ಟು, ಕೈ ಬಾಗಿಲ ಮೇಲಿಟ್ಟವರ ಮೈಯೇ ಕರೆಂಟಿಗೆ ದಾರಿಯಾಗುತ್ತದೆ.

ಹಾಗಾದರೆ ಏನು ಮಾಡಬೇಕು?

• ಉದ್ದ ಕಡ್ಡಿಯನ್ನು ಗಾಡಿ ಹೊರಡುವ ಮುನ್ನ ಕಳಚಿಡಿ ಅಥವಾ ಮಡಚಿ ಕಟ್ಟಿ. ಓಡಾಡುವಾಗ 50 ಸೆಂಟಿಮೀಟರ್‌ನದ್ದು ಸಾಕು.
• ಆಂಟೆನಾ ಸೇರಿ ಗಾಡಿಯ ಒಟ್ಟು ಎತ್ತರ ಅಳೆದು, ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಿ.
• ನಿಲ್ಲಿಸಿದ ಕೂಡಲೇ ಆಂಟೆನಾ ಎತ್ತಬೇಡಿ. ಮೊದಲು ಇಳಿದು ಸುತ್ತಲೂ ತಲೆಯೆತ್ತಿ ನೋಡಿ. ಕತ್ತಲಾಗಿದ್ದರೆ ಬೆಳಗಿನವರೆಗೆ ಕಾಯಿರಿ.
• ಕಂಬ ನೆಡುವುದಾದರೆ, ಅದು ಯಾವ ಕಡೆಗೆ ಬಿದ್ದರೂ ತಂತಿಯಿಂದ ಕನಿಷ್ಠ 3 ಮೀಟರ್ ದೂರ ಉಳಿಯುವಂತಿರಲಿ. ತಂತಿ ಆಂಟೆನಾವನ್ನು ವಿದ್ಯುತ್ ತಂತಿಯ ಮೇಲೆ ಹಾಯಿಸಿ ಎಸೆಯಲೇಬೇಡಿ.

ಅಕಸ್ಮಾತ್ ತಾಗಿಬಿಟ್ಟರೆ, ಗಾಡಿಯೊಳಗೇ ಇರಿ. ಸಾಧ್ಯವಾದರೆ ಗಾಡಿಯನ್ನು ಮೆಲ್ಲಗೆ ತಂತಿಯಿಂದ ಬಿಡಿಸಿ. ಇಲ್ಲವಾದರೆ 1912ಕ್ಕೆ (ವಿದ್ಯುತ್ ಕಂಪನಿ, ಮಂಡ್ಯಕ್ಕೆ ಸೆಸ್ಕ್) ಮತ್ತು 112ಕ್ಕೆ ಕರೆ ಮಾಡಿ, ಲೈನ್ ಆಫ್ ಆಗಿದೆ ಎಂದು ಅವರು ಹೇಳುವವರೆಗೂ ಇಳಿಯಬೇಡಿ. ಹತ್ತಿರ ಬರುವವರನ್ನು ಕೂಗಿ ದೂರ ನಿಲ್ಲಿಸಿ, ಕನಿಷ್ಠ 10 ಮೀಟರ್. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಪಾದ ಜೋಡಿಸಿ, ಗಾಡಿಯನ್ನು ಮುಟ್ಟದೆ ಹೊರಗೆ ಹಾರಿ. ಬಳಿಕ ಪಾದ ಎತ್ತದೆ, ಚಿಕ್ಕಚಿಕ್ಕದಾಗಿ ಎಳೆಯುತ್ತ ದೂರ ಸರಿಯಿರಿ.

ಫಾರ್ವರ್ಡ್ ಮಾಡುವ ಮುನ್ನ

‘ಉದ್ದ ಇದ್ದಷ್ಟೂ ದೂರ’: ಅರ್ಧ ನಿಜ. ಅಲೆಗೆ ಹೊಂದುವ ಉದ್ದ, ಎತ್ತರದ ಜಾಗ, ಲೋಹದ ಚಾವಣಿ ಮುಖ್ಯ.
‘ಆಂಟೆನಾ ಸಿಡಿಲನ್ನು ಎಳೆಯುತ್ತದೆ’: ಹಾಗಲ್ಲ. ಆದರೆ ಬಯಲಿನಲ್ಲಿ ಎತ್ತಿ ನಿಲ್ಲಿಸಿದರೆ ಅಪಾಯ ಹೆಚ್ಚು.
‘ಟೈರ್ ಕಾಪಾಡುತ್ತದೆ’: ಸುಳ್ಳು. ಸಿಡಿಲಿನಿಂದಲೂ ಇಲ್ಲ, ವಿದ್ಯುತ್ ತಂತಿಯಿಂದಲೂ ಇಲ್ಲ.
‘ಸೆಟ್ ಕೊಂಡರೆ ಸಾಕು’: ಸುಳ್ಳು. ಲೈಸೆನ್ಸ್ ಬೇಕೇ ಬೇಕು.

ಇಷ್ಟರಲ್ಲಿ ಒಂದನ್ನೇ ಗ್ರೂಪಿಗೆ ಕಳಿಸುವುದಾದರೆ ಟೈರ್‌ನ ಸಾಲು ಕಳಿಸಿ. ಹ್ಯಾಮ್ ರೇಡಿಯೊ ಇಲ್ಲದವರಿಗೂ, ಕಬ್ಬು ತುಂಬಿದ ಟ್ರ್ಯಾಕ್ಟರ್ ಓಡಿಸುವವರಿಗೂ ಅದು ಬೇಕಾದ ಮಾತು.