ಕಾಲಾವಧಿಯ ನಿಖರತೆ: ದತ್ತಾಂಶ ಪರಿವರ್ತನೆಯ ಇತಿಹಾಸ

ಒಂದು ತಂತ್ರಾಂಶ ಅಳೆದಿಟ್ಟ ಕಾಲಾವಧಿಯನ್ನು ಮತ್ತೊಂದರ ದತ್ತಾಂಶ ರೂಪಕ್ಕೆ ಬದಲಿಸುವಾಗ ಮೂಲದ ಅಳತೆ ಎಷ್ಟು ಉಳಿಯಿತು ಎಂಬುದು ಈ ಲೇಖನದ ವಿಷಯ. ಇಲ್ಲಿನ ನಷ್ಟ ಸದ್ದಿಲ್ಲದೆ ಆಗುತ್ತದೆ, ಅದೇ ಇದರ ಅಪಾಯ.

1971ರ ಮೊದಲ ಯುನಿಕ್ಸ್ ಕಾಲವನ್ನು ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ ಎಣಿಸುತ್ತಿತ್ತು. 32 ಬಿಟ್‌ಗಳ ಲೆಕ್ಕ ಸುಮಾರು 828 ದಿನಗಳಲ್ಲೇ ತುಂಬಿಹೋಗುತ್ತಿದ್ದುದರಿಂದ ಮುಂದೆ ಇಡೀ ಸೆಕೆಂಡಿನ ಎಣಿಕೆ ಬಂತು. ವ್ಯಾಪ್ತಿ ಹಿಗ್ಗಿತು, ಸೂಕ್ಷ್ಮತೆ ಕುಗ್ಗಿತು. ಮೈಕ್ರೋಸೆಕೆಂಡ್, ನ್ಯಾನೋಸೆಕೆಂಡ್‌ಗಳು ಆಮೇಲೆ ಸೇರಿಕೊಂಡವು.

ಈ ಇತಿಹಾಸದ ಅತ್ಯಂತ ನೋವಿನ ಘಟನೆ ನಡೆದದ್ದು 1991ರ ಫೆಬ್ರವರಿ 25ರಂದು, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ. ಅಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಪಾಲನ್ನು ಪೂರ್ಣಾಂಕವಾಗಿ ಎಣಿಸುತ್ತಿತ್ತು. ಅದನ್ನು ಸೆಕೆಂಡಿಗೆ ತರಲು 0.1ರಿಂದ ಗುಣಿಸಬೇಕು. ದಶಮಾನದಲ್ಲಿ ಮೂರನೇ ಒಂದು ಭಾಗ ಮುಗಿಯದಂತೆ ದ್ವಿಮಾನದಲ್ಲಿ 0.1 ಮುಗಿಯುವುದಿಲ್ಲ. 24 ಬಿಟ್‌ಗಳಿಗೆ ಕತ್ತರಿಸಿದಾಗ ಉಳಿದ ತಪ್ಪು 0.000000095ರಷ್ಟು. ಯಂತ್ರ ನೂರು ಗಂಟೆ ಬಿಡುವಿಲ್ಲದೆ ಓಡಿದಾಗ ಅದು ಬೆಳೆದು 0.34 ಸೆಕೆಂಡ್ ಆಗಿತ್ತು. ದಾಳಿಗೆ ಬರುವ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ರೇಡಾರ್ ತಪ್ಪು ಜಾಗದಲ್ಲಿ ಹುಡುಕಿತು. ತಡೆಯದೆ ಬಿದ್ದ ಸ್ಕಡ್‌ಗೆ 28 ಅಮೆರಿಕನ್ ಸೈನಿಕರು ಸತ್ತರು. ತಂತ್ರಾಂಶದ ಕೆಲವೆಡೆ ಈ ಪರಿವರ್ತನೆಯನ್ನು ಆಗಲೇ ಸುಧಾರಿಸಲಾಗಿತ್ತು, ಎಲ್ಲೆಡೆ ಅಲ್ಲ. ಎರಡು ಕಾಲಗಳ ಅಂತರ ಕಂಡುಹಿಡಿಯುವಾಗ ಎರಡರಲ್ಲೂ ಒಂದೇ ತಪ್ಪಿದ್ದಿದ್ದರೆ ಕಳೆಯುವಾಗ ಅದು ಬಹುಪಾಲು ಅಳಿದುಹೋಗುತ್ತಿತ್ತು. ತಿದ್ದಿದ ತಂತ್ರಾಂಶ ದಹ್ರಾನ್ ತಲುಪಿದ್ದು ಮರುದಿನ.

ತಿಂಗಳಿನ ತೊಡಕು ಬೇರೆ ಬಗೆಯದು. 1988ರ ಐಎಸ್ಒ 8601 ಮಾನಕ ‘ಒಂದು ತಿಂಗಳು’ ಎಂಬ ಅವಧಿಯನ್ನು ಬರೆಯಲು ಅವಕಾಶ ಕೊಟ್ಟಿತು, ಆದರೆ ತಿಂಗಳಿಗೆ 28ರಿಂದ 31 ದಿನ. ಪೋಸ್ಟ್‌ಗ್ರೆಸ್ ದತ್ತಸಂಚಯ ತಿಂಗಳು, ದಿನ, ಮೈಕ್ರೋಸೆಕೆಂಡ್‌ಗಳನ್ನು ಬೇರೆಬೇರೆಯಾಗಿಯೇ ಇಡುತ್ತದೆ. ಇದು ಪ್ರಾಮಾಣಿಕ ದಾರಿ. ಅದನ್ನೇ ಸೆಕೆಂಡಿಗೆ ಇಳಿಸಲು ಹೇಳಿದರೆ ತಿಂಗಳಿಗೆ 30 ದಿನ, ವರ್ಷಕ್ಕೆ 365.25 ದಿನ ಹಿಡಿಯುತ್ತದೆ. ಹಾಗಾಗಿ ಒಂದು ತಿಂಗಳ ಸೆಕೆಂಡುಗಳನ್ನು ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ 5.25 ದಿನ ಕಡಿಮೆ ಬೀಳುತ್ತದೆ.

ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಕಾಲಕ್ಕೆಂದು ಪ್ರತ್ಯೇಕ ಬಗೆಯೇ ಇಲ್ಲ. ಅವಧಿಯನ್ನು ಬರಿಯ ಸಂಖ್ಯೆಯಾಗಿ ಕಳಿಸಿದರೆ ಅದು ಸೆಕೆಂಡೋ ಮಿಲಿಸೆಕೆಂಡೋ ತಿಳಿಯದು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯುವುದು 2ರ 53ನೇ ಘಾತದವರೆಗೆ. ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಅದು ಬರೀ 104 ದಿನ. ಪ್ರೋಟೋಬಫ್ ಎಂಬ ಮತ್ತೊಂದು ದತ್ತಾಂಶ ರೂಪ ಸೆಕೆಂಡು, ನ್ಯಾನೋಸೆಕೆಂಡುಗಳನ್ನು ಎರಡು ಪೂರ್ಣಾಂಕಗಳಾಗಿ ಇಟ್ಟು, ಜೇಸನ್‌ಗೆ ಕೊಡುವಾಗ ಮಾನದ ಗುರುತು ಸೇರಿದ ಪಠ್ಯವಾಗಿ ಬರೆಯುತ್ತದೆ.