ಬನವಾಸಿ, ತಾಳಗುಂದ ಮತ್ತು ಚಿತ್ರದ ಮಯೂರ

ಕದಂಬರ ರಾಜಧಾನಿಗೆ ಎರಡು ಹೆಸರುಗಳಿದ್ದುವು. ತಾಮ್ರಶಾಸನಗಳಲ್ಲಿ ಅರಸರು ಅದನ್ನು ಬಹುಮಟ್ಟಿಗೆ ವೈಜಯಂತಿಯೆಂದು ಕರೆದರು; ಜನರ ಬಾಯಲ್ಲಿ ಅದು ಬನವಾಸಿ. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞನಾದ ಟಾಲೆಮಿಯು ಕೇಳಿ ಬರೆದುದೂ ಈ ಎರಡನೆಯ ಹೆಸರನ್ನೇ. ಪಂಪನು 941ರ ಸುಮಾರಿಗೆ ತನ್ನ ಭಾರತದೊಳಗೆ ಹಂಬಲಿಸಿದುದೂ ಇದನ್ನೇ. ವೈಜಯಂತಿಯು ಶಾಸನಗಳೊಳಗೆ ಉಳಿಯಿತು. ಬನವಾಸಿಯು ವರದಾ ನದಿಯ ದಡದಲ್ಲಿ ಇಂದಿಗೂ ಊರಾಗಿಯೇ ಇರುವುದು.

ಕದಂಬರ ಬೇರೆ ಸ್ಥಳಗಳು ಇಷ್ಟು ಸುಲಭವಾಗಿ ಗುರುತು ಸಿಕ್ಕುವಂತಹವಲ್ಲ. ಬೆಳಗಾವಿ ಜಿಲ್ಲೆಯ ಹಲಸಿಯ ಹೆಸರನ್ನು ಕೇಳಿದವನಿಗೆ ಹಲಸಿನ ಹಣ್ಣು ನೆನಪಾಗುವುದು ಸಹಜ. ಆದರೆ ಅದು ಶಾಸನಗಳ ಪಲಾಶಿಕಾ. ಕನ್ನಡದಲ್ಲಿ ಪದದ ಮೊದಲಿನ ಪಕಾರವು ಹಕಾರವಾದಾಗ ಅದು ಹಲಸಿಗೆಯಾಗಿ, ಮುಂದೆ ಹಲಸಿಯಾಯಿತು. ಶಿವಮೊಗ್ಗ ಜಿಲ್ಲೆಯ ತಾಳಗುಂದವು ಹಿಂದೆ ಸ್ಥಾನಕುಂದೂರು. ಸಕಾರವು ಜಾರಿತು, ನಕಾರವು ಳಕಾರವಾಯಿತು. ಊರೆಂಬ ಶಬ್ದವೇ ಊರಿನ ಹೆಸರಿನಿಂದ ಉದುರಿಹೋಯಿತು!

ಈ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಶಿಲಾಸ್ತಂಭದಲ್ಲಿ ಕದಂಬವಂಶದ ಮೂಲವೃತ್ತಾಂತವಿದೆ. ಅದು ಐದನೆಯ ಶತಮಾನದ್ದು. ಕುಬ್ಜನೆಂಬ ಕವಿಯು ಸಂಸ್ಕೃತದಲ್ಲಿ ರಚಿಸಿದುದು. ಬ್ರಾಹ್ಮಣನಾದ ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಪಲ್ಲವರ ರಾವುತನೊಬ್ಬನೊಡನೆ ಕಲಹವುಂಟಾಯಿತು. ಬ್ರಾಹ್ಮಣ್ಯವು ಕ್ಷತ್ರಿಯರ ಮುಂದೆ ಇಷ್ಟು ದುರ್ಬಲವಾಗಿರಬೇಕೆ ಎಂದು ಕನಲಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನು. ಶ್ರೀಪರ್ವತದ ಅಡವಿಯನ್ನು ಸೇರಿ, ಬಾಣರಿಂದ ಕಪ್ಪವನ್ನು ಕೊಂಡು, ಕಡೆಗೆ ಪಲ್ಲವರೇ ಒಪ್ಪುವಂತೆ ರಾಜ್ಯವನ್ನು ಪಡೆದನು.

ಈ ಕಥೆಯು ಜನಸಾಮಾನ್ಯರನ್ನು ಮುಟ್ಟಿದುದು ಶಿಲೆಯಿಂದಲ್ಲ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ 1975ರಲ್ಲಿ ತೆರೆಗೆ ಬಂದ ‘ಮಯೂರ’ ಚಲಚ್ಚಿತ್ರದಲ್ಲಿ ರಾಜಕುಮಾರರು ನಾಯಕರಾಗಿ ಅಭಿನಯಿಸಿದರು. ಸಂಸ್ಕೃತವನ್ನರಿಯದ ಲಕ್ಷಾಂತರ ಕನ್ನಡಿಗರಿಗೆ ಕದಂಬರ ಹೆಸರು ಕಿವಿಗೆ ಬಿದ್ದುದು ಅಂದಿನಿಂದಲೇ. ಇದು ಅಲ್ಪವಾದ ಉಪಕಾರವಲ್ಲ. ಪಂಡಿತರ ಲೇಖನಗಳಿಂದ ಆಗದೆ ಉಳಿದಿದ್ದ ಕಾರ್ಯವಿದು.

ಆದರೆ ಚಿತ್ರದೊಳಗಿನ ಮಯೂರನು ಬ್ರಾಹ್ಮಣನಾಗಿ ಬೆಳೆದ ಕ್ಷತ್ರಿಯ ರಾಜಪುತ್ರ. ಪಲ್ಲವರು ಕಸಿದ ತನ್ನ ವಂಶದ ರಾಜ್ಯವನ್ನು ಮರಳಿ ಗೆಲ್ಲುವವನು. ಶಿಲೆಯೊಳಗಿನವನಿಗೆ ಕಳೆದುಕೊಂಡ ಸಿಂಹಾಸನವಾವುದೂ ಇರಲಿಲ್ಲ. ಅವನದು ಓದಲು ಹೋದ ವಿದ್ಯಾರ್ಥಿಯ ಮಾನಭಂಗ. ರಾಜ್ಯವು ಹೊಸದಾಗಿ ಸಂಪಾದಿಸಿದುದು. ಹುಟ್ಟಿನ ಹಕ್ಕಿನಿಂದ ಬಂದ ಶೌರ್ಯವು ಪ್ರೇಕ್ಷಕರಿಗೆ ಹೆಚ್ಚು ರುಚಿಸೀತೆಂದು ಕಥೆಯನ್ನು ಹೀಗೆ ತಿರುಗಿಸಿರಬಹುದು. ಆ ತಿರುವಿನಲ್ಲಿ ಕಥೆಯ ಸತ್ತ್ವವು ಸ್ವಲ್ಪ ಕುಂದಿತು. ಇಂದು ಎಲ್ಲರೂ ಅವನನ್ನು ಮಯೂರವರ್ಮನೆಂದೇ ಕರೆಯುವರು. ತಾಳಗುಂದದ ಶಾಸನದಲ್ಲಿ ಅವನು ಶರ್ಮನೇ. ವರ್ಮನೆಂಬುದು ಅವನ ಮಗ ಕಂಗವರ್ಮನಿಂದ ಆರಂಭವಾಗುವುದು.