ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಮೇ ತಿಂಗಳಿಗೆ ಪಾಠ ಮುಗಿದರೆ ತರಗತಿಗಳು ಮತ್ತೆ ತುಂಬುವುದು ಆಗಸ್ಟ್ ಕೊನೆಗೆ. ಆ ನಡುವೆ ಲಕ್ಷಾಂತರ ವಿದ್ಯಾರ್ಥಿಗಳು ಹಗಲು ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು, ರಾತ್ರಿ ಲ್ಯಾಪ್‌ಟಾಪ್ ತೆರೆದು ಸಂಖ್ಯಾಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ಆನ್‌ಲೈನಿನಲ್ಲಿ ಓದಿ ಮುಗಿಸುತ್ತಾರೆ. ಅವರಿಗೆ ಬೇಕಿರುವುದು ಪದವಿಯ ಲೆಕ್ಕಕ್ಕೆ ಜಮೆಯಾಗುವ ಮೂರೋ ನಾಲ್ಕೋ ಕ್ರೆಡಿಟ್. ಈ ಜಮಾಖರ್ಚಿನ ಹಿಂದೆ ಒಂದೂವರೆ ಶತಮಾನದ ಕತೆಯಿದೆ.

ಬೇಸಿಗೆ ರಜೆ ಹೊಲಗೆಲಸಕ್ಕಾಗಿ ಹುಟ್ಟಿತು ಎಂದು ಅಮೆರಿಕದಲ್ಲಿ ಅನೇಕರು ನಂಬುತ್ತಾರೆ. ಆದರೆ 19ನೇ ಶತಮಾನದ ಹಳ್ಳಿ ಶಾಲೆಗಳು ಚಳಿಗಾಲದಲ್ಲೂ ಬೇಸಿಗೆಯಲ್ಲೂ ನಡೆಯುತ್ತಿದ್ದವು. ಮಕ್ಕಳಿಗೆ ಬಿಡುವು ಸಿಗುತ್ತಿದ್ದದ್ದು ವಸಂತದ ಬಿತ್ತನೆಗೆ, ಶರತ್ಕಾಲದ ಕೊಯ್ಲಿಗೆ. ಉದ್ದನೆಯ ಬೇಸಿಗೆ ರಜೆ ಬೇರೂರಿದ್ದು ನಗರಗಳಲ್ಲಿ. ಧಗೆಗೆ ಅಂಜಿ ಸಿರಿವಂತರು ಮಕ್ಕಳೊಂದಿಗೆ ಊರು ಬಿಡುತ್ತಿದ್ದರು, ಬೆಂಚುಗಳು ಖಾಲಿಯಾಗುತ್ತಿದ್ದವು. ರಜೆ ನೆಲೆಯಾದಾಗ, ಆ ತಿಂಗಳುಗಳಲ್ಲಿ ಕೈಯಲ್ಲಿ ಪುರುಸೊತ್ತಿದ್ದ ದೊಡ್ಡ ವರ್ಗವೆಂದರೆ ಶಾಲಾ ಶಿಕ್ಷಕರು. ಹೆಚ್ಚಿನವರು ಹೆಂಗಸರು, ಕಾಲೇಜಿನ ಮೆಟ್ಟಿಲು ಹತ್ತದವರು. ಬೇಸಿಗೆ ಓದಿನ ಮೊದಲ ಗಿರಾಕಿಗಳು ಇವರೇ.

ಹಾರ್ವರ್ಡ್ ತನ್ನ ಬೇಸಿಗೆ ಶಾಲೆಯ ಆರಂಭವನ್ನು 1871ರಿಂದ, ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಅವರ ಪಾಠದಿಂದ ಎಣಿಸುತ್ತದೆ. ಎರಡು ವರ್ಷಗಳ ಬಳಿಕ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ಮ್ಯಾಸಚೂಸೆಟ್ಸ್ ಕರಾವಳಿಯಾಚೆಯ ಪೆನಿಕೀಸ್ ಎಂಬ ಪುಟ್ಟ ದ್ವೀಪಕ್ಕೆ ಸುಮಾರು ಐವತ್ತು ಶಿಕ್ಷಕರನ್ನು ಕರೆದೊಯ್ದರು. ಪಾಠ ಶುರುವಾದದ್ದು ಕೊಟ್ಟಿಗೆಯೊಂದರಲ್ಲಿ. ವಿದ್ಯಾರ್ಥಿಗಳಲ್ಲಿ ಹೆಂಗಸರೂ ಇದ್ದರು. 1900ರ ಬೇಸಿಗೆಯಲ್ಲಂತೂ ಅಮೆರಿಕದ ಸೇನಾ ಹಡಗುಗಳು ಕ್ಯೂಬಾದ ಸುಮಾರು 1,300 ಶಿಕ್ಷಕರನ್ನು ಹಾರ್ವರ್ಡಿಗೆ ತಂದಿಳಿಸಿದವು. ಕ್ಯೂಬಾ ಆಗ ಅಮೆರಿಕದ ಸೇನಾಡಳಿತದಲ್ಲಿತ್ತು.

ದೂರ ಪ್ರಯಾಣ ಮಾಡಲಾರದವರ ಪಾಡೇನು? ಇದಕ್ಕೆ ಉತ್ತರ ಬಂದದ್ದು ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಸರೋವರದ ದಡದಿಂದ. 1874ರಲ್ಲಿ ಪಾದ್ರಿ ಜಾನ್ ವಿನ್ಸೆಂಟ್ ಮತ್ತು ಉದ್ಯಮಿ ಲೂಯಿಸ್ ಮಿಲ್ಲರ್ ಅಲ್ಲಿ ಭಾನುವಾರದ ಬೈಬಲ್ ಶಾಲೆಗಳ ಶಿಕ್ಷಕರಿಗಾಗಿ ಎರಡು ವಾರಗಳ ಶಿಬಿರ ನಡೆಸಿದರು. ಜನ ಸೇರಿದರು, ಶಿಬಿರ ಪ್ರತಿ ಬೇಸಿಗೆಯ ರೂಢಿಯಾಯಿತು. 1878ರಲ್ಲಿ ವಿನ್ಸೆಂಟ್ ನಾಲ್ಕು ವರ್ಷಗಳ ಮನೆಯೋದಿನ ಬಳಗವೊಂದನ್ನು ಕಟ್ಟಿದರು. ವರ್ಷವಿಡೀ ಮನೆಯಲ್ಲಿ ಗೊತ್ತುಪಡಿಸಿದ ಪುಸ್ತಕಗಳನ್ನು ಓದುವುದು, ಸಾಧ್ಯವಾದರೆ ಬೇಸಿಗೆಯಲ್ಲಿ ಸರೋವರಕ್ಕೆ ಬರುವುದು. ಮುಗಿಸಿದವರಿಗೆ 1882ರಿಂದ ಡಿಪ್ಲೊಮಾ ಸಿಕ್ಕಿತು, ಸಮಾರಂಭವೂ ಜೋರಾಗಿಯೇ ನಡೆಯಿತು. ಆದರೆ ಯಾವ ಕಾಲೇಜೂ ಆ ಓದನ್ನು ಪದವಿಗೆ ಎಣಿಸಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ತಂದವರು ವಿಲಿಯಂ ರೇನಿ ಹಾರ್ಪರ್. ಹೀಬ್ರೂ ಪಂಡಿತರಾದ ಅವರು 1880ರ ದಶಕದಲ್ಲಿ ಆ ಭಾಷೆಯನ್ನು ಅಂಚೆಯಲ್ಲೇ ಕಲಿಸುತ್ತಿದ್ದರು, ಬೇಸಿಗೆಯಲ್ಲಿ ಶಟಾಕ್ವಾದಲ್ಲಿ ಪಾಠ ಹೇಳುತ್ತಿದ್ದರು. ಅಂಚೆ ಪಾಠದ ಕ್ರಮ ಸರಳ. ಯಾವ ಭಾಗ ಓದಬೇಕು, ಏನನ್ನು ಗಮನಿಸಬೇಕು ಎಂಬ ಹಾಳೆಯೊಂದು ವಿದ್ಯಾರ್ಥಿಗೆ ಬರುತ್ತಿತ್ತು, ಜೊತೆಗೊಂದು ಪ್ರಶ್ನೆಪತ್ರಿಕೆ. ಪಾಠ ಕಲಿತ ಮೇಲೆ ಪುಸ್ತಕ ಮುಚ್ಚಿಟ್ಟು ಉತ್ತರ ಬರೆಯಬೇಕು. ತನಗಿರುವ ಸಂದೇಹಗಳನ್ನೂ ಕೆಳಗೆ ಬರೆದು ಕಳಿಸಬಹುದು. ತಪ್ಪು ತಿದ್ದಿ, ಸಂದೇಹ ಬಿಡಿಸಿದ ಹಾಳೆ ಅಂಚೆಯಲ್ಲಿ ಮರಳುತ್ತಿತ್ತು. ಪುಸ್ತಕ ನಿಜಕ್ಕೂ ಮುಚ್ಚಿತ್ತೇ ಎಂದು ನೋಡುವವರು ಯಾರೂ ಇರಲಿಲ್ಲ. ಆನ್‌ಲೈನ್ ಪರೀಕ್ಷೆಯ ಕ್ಯಾಮೆರಾ ಕಾವಲಿನ ಬಗ್ಗೆ ಇಂದು ನಡೆಯುವ ಜಗಳದ ಬೇರು ಇಲ್ಲೇ ಇದೆ.

ಜಾನ್ ಡಿ. ರಾಕ್‌ಫೆಲ್ಲರ್ ಅವರ ಹಣದಿಂದ 1892ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ತೆರೆದಾಗ ಹಾರ್ಪರ್ ಅದರ ಮೊದಲ ಅಧ್ಯಕ್ಷರಾಗಿದ್ದರು. ಹಾರ್ಪರ್ ವರ್ಷವನ್ನು ನಾಲ್ಕು ಪಾಲು ಮಾಡಿ, ಬೇಸಿಗೆಯ ಪಾಲಿಗೂ ಉಳಿದ ಮೂರರಷ್ಟೇ ತೂಕ ಕೊಟ್ಟರು. ಅಂಚೆ ಶಿಕ್ಷಣ ಅಲ್ಲಿ ಒಂದು ವಿಭಾಗವೇ ಆಯಿತು. ಬೇಸಿಗೆ ಮತ್ತು ದೂರದ ಓದು, ಎರಡಕ್ಕೂ ಪದವಿಯೊಳಗೆ ಜಾಗ ಸಿಕ್ಕಿತು.

ಇಷ್ಟಾದರೂ ಒಂದು ಕಾಲೇಜಿನ ಓದನ್ನು ಇನ್ನೊಂದು ಕಾಲೇಜು ಒಪ್ಪಬೇಕಾದರೆ ಇಬ್ಬರಿಗೂ ಗೊತ್ತಿರುವ ಅಳತೆಗೋಲು ಬೇಕು. ಅದು ಬಂದದ್ದು ಪಿಂಚಣಿಯ ಬಾಗಿಲಿನಿಂದ! ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಕೊಟ್ಟರು. ಯಾವ ಸಂಸ್ಥೆಯನ್ನು ಕಾಲೇಜು ಎನ್ನಬೇಕೆಂದು ಗೊತ್ತುಮಾಡಲು ಅವರ ಪ್ರತಿಷ್ಠಾನ ಪ್ರೌಢಶಾಲೆಯ ಓದನ್ನು ಗಂಟೆಗಳಲ್ಲಿ ಅಳೆಯಿತು. ಒಂದು ವಿಷಯಕ್ಕೆ ವರ್ಷಕ್ಕೆ 120 ಗಂಟೆ, ಪ್ರವೇಶಕ್ಕೆ ಅಂಥ 14 ಘಟಕ. ಪಿಂಚಣಿಯ ಆಸೆಗೆ ಕಾಲೇಜುಗಳು ಸಾಲುಗಟ್ಟಿ ಒಪ್ಪಿದವು. 1910ರಲ್ಲಿ ಕಾರ್ಖಾನೆ ದಕ್ಷತೆಯ ಪರಿಣತ ಮಾರಿಸ್ ಕುಕ್ ಅದೇ ಪ್ರತಿಷ್ಠಾನಕ್ಕಾಗಿ ವರದಿ ಬರೆದು, ಕಾಲೇಜು ಬೋಧನೆಯ ವೆಚ್ಚವನ್ನೂ ಗಂಟೆಯ ಲೆಕ್ಕದಲ್ಲೇ ಅಳೆಯಬೇಕೆಂದರು. ಗಂಟೆ ಹೀಗೆ ನಾಣ್ಯವಾಯಿತು. ಕಲಿತದ್ದೆಷ್ಟು ಎಂಬುದು ಬೇರೆಯೇ ಪ್ರಶ್ನೆಯಾಗಿ ಉಳಿಯಿತು.

ಆಮೇಲೆ ಬಂದ ಪ್ರತಿ ಯಂತ್ರವೂ ಈ ನಾಣ್ಯವನ್ನೇ ಬೇಡಿತು. 1953ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯ ತನ್ನದೇ ಟಿ.ವಿ. ವಾಹಿನಿಯಲ್ಲಿ ಕ್ರೆಡಿಟ್ ಪಾಠ ಬಿತ್ತರಿಸಿತು. 1957ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ಲಾಯ್ಡ್ ಜುಲ್ಲಿ ಬೆಳಗಿನ ಆರೂವರೆಗೆ ಸಿಬಿಎಸ್‌ನ ‘ಸನ್‌ರೈಸ್ ಸೆಮಿಸ್ಟರ್’ನಲ್ಲಿ ಸಾಹಿತ್ಯ ಪಾಠ ಶುರುಮಾಡಿದರು. ಮೊದಲ ಪಠ್ಯ ಸ್ಟೆಂಡಾಲ್‌ನ ‘ಕೆಂಪು ಮತ್ತು ಕಪ್ಪು’ ಕಾದಂಬರಿ. ನಗರದ ಅಂಗಡಿಗಳಲ್ಲಿ ಆ ಪುಸ್ತಕದ ಪ್ರತಿಗಳೇ ಮುಗಿದುಹೋದವು. ನೋಡುವುದು ಪುಕ್ಕಟೆ, ಕ್ರೆಡಿಟ್ ಬೇಕೆಂದರೆ ಶುಲ್ಕ. 1982ರವರೆಗೂ ಆ ಕಾರ್ಯಕ್ರಮ ನಡೆಯಿತು.

ಕಂಪ್ಯೂಟರ್ ಬಂದಾಗ ಸರ್ಕಾರ ಹಗ್ಗ ಬಿಗಿಹಿಡಿಯಿತು. ಅಂಚೆ ಶಿಕ್ಷಣದ ಹೆಸರಿನಲ್ಲಿ ವಿದ್ಯಾರ್ಥಿ ಸಾಲದ ಹಣ ನುಂಗಿದ ಸಂಸ್ಥೆಗಳನ್ನು ಕಂಡು ಸಂಸತ್ತು 1992ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತ್ತು. ಅರ್ಧಕ್ಕಿಂತ ಹೆಚ್ಚು ಪಾಠ ದೂರದಿಂದಲೇ ನಡೆದರೆ ಕಾಲೇಜಿಗೆ ಕೇಂದ್ರದ ನೆರವು ಇಲ್ಲ. ಆನ್‌ಲೈನ್ ಪಾಠಗಳ ಮಟ್ಟಿಗೆ ಈ ನಿರ್ಬಂಧ 2006ರಲ್ಲಿ ಹೋಯಿತು. ಬಡ ವಿದ್ಯಾರ್ಥಿಗಳ ಪೆಲ್ ಅನುದಾನವನ್ನು ಬೇಸಿಗೆಗೂ ವಿಸ್ತರಿಸಿದ ಸರ್ಕಾರ 2011ರಲ್ಲಿ ಖರ್ಚಿನ ನೆಪದಲ್ಲಿ ಅದನ್ನು ನಿಲ್ಲಿಸಿ, 2017ರಲ್ಲಿ ಮತ್ತೆ ಕೊಟ್ಟಿತು.

ಇಂದಿನ ವಿದ್ಯಾರ್ಥಿಯ ಲೆಕ್ಕಾಚಾರ ಹೀಗಿರುತ್ತದೆ. ತನ್ನ ವಿಶ್ವವಿದ್ಯಾಲಯದ ಶುಲ್ಕ ದುಬಾರಿ, ಊರಿನ ಕಮ್ಯುನಿಟಿ ಕಾಲೇಜಿನದು ಅಗ್ಗ. ಅಲ್ಲಿ ಆನ್‌ಲೈನಿನಲ್ಲಿ ಓದಿ ಇಲ್ಲಿಗೆ ತರುವುದು ಲಾಭ. ಹಾಗಾಗಿ ಮೊದಲೇ ಪಠ್ಯಕ್ರಮದ ಪ್ರತಿ ತೋರಿಸಿ ವಿಭಾಗದ ಒಪ್ಪಿಗೆ ಪಡೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಯಾವ ಪಾಠ ಯಾವುದಕ್ಕೆ ಸಮ ಎಂದು ತೋರಿಸುವ ‘ಅಸಿಸ್ಟ್’ ಎಂಬ ತಾಳೆಪಟ್ಟಿಯೇ ಇದೆ. ಅನೇಕ ಕಡೆ ‘ಸಿ’ ದರ್ಜೆ ಬಂದರೆ ಸಾಕು, ಕ್ರೆಡಿಟ್ ಸೇರುತ್ತದೆ, ಅಂಕ ಸೇರುವುದಿಲ್ಲ. ಬೆವರಿಳಿಯುವುದು ಗಂಟೆಯ ಲೆಕ್ಕದಲ್ಲಿ. ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರ, ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು ಎಂದು ಕೇಂದ್ರದ ನಿಯಮ. ಮೂರು ಕ್ರೆಡಿಟ್‌ಗೆ 135 ಗಂಟೆ. ಅದನ್ನು ಆರು ವಾರದ ಬೇಸಿಗೆಗೆ ಇಳಿಸಿದರೆ ವಾರಕ್ಕೆ ಇಪ್ಪತ್ತೆರಡು ಗಂಟೆ ಮೀರುತ್ತದೆ.

ಬೆಂಗಳೂರು, ಹುಬ್ಬಳ್ಳಿಗಳಿಂದ ಎಫ್-1 ವೀಸಾದಲ್ಲಿ ಹೋದವರಿಗೆ ಬೇಸಿಗೆಯೇ ಸಲೀಸು. ಉಳಿದ ಸೆಮಿಸ್ಟರುಗಳಲ್ಲಿ ಅವರ ಪೂರ್ಣಾವಧಿ ಓದಿಗೆ ಒಂದೇ ಒಂದು ಆನ್‌ಲೈನ್ ಪಾಠ, ಅಂದರೆ ಮೂರು ಕ್ರೆಡಿಟ್ ಮಾತ್ರ ಸಲ್ಲುತ್ತದೆ. ಬೇಸಿಗೆ ರಜೆಯಲ್ಲಿ ಪೂರ್ಣಾವಧಿಯ ಕಟ್ಟಳೆಯೇ ಸಾಮಾನ್ಯವಾಗಿ ಇರದು. ಕೋವಿಡ್ ಹೊತ್ತಿನಲ್ಲಿ, 2020ರ ಜುಲೈ 6ರಂದು, ಪೂರ್ತಿ ಆನ್‌ಲೈನ್ ಓದುವ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕೆಂದು ವಲಸೆ ಇಲಾಖೆ ಹೇಳಿತು. ಹಾರ್ವರ್ಡ್ ಮತ್ತು ಎಂಐಟಿ ನ್ಯಾಯಾಲಯಕ್ಕೆ ಹೋದವು. 14ರಂದು ಆದೇಶ ಹಿಂದಕ್ಕೆ ಹೋಯಿತು.

ಭಾರತದಲ್ಲಿ ಈ ಕತೆ ಬೇರೆ ದಾರಿ ಹಿಡಿಯಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ತೆರೆದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಲ್ಲಿ ಓದಿದರೆ ಇಡೀ ಪದವಿ ದೂರದ್ದು. ಕಾಲೇಜಿಗೆ ಹೋಗುವವರು ಒಂದೆರಡು ವಿಷಯವನ್ನು ಆನ್‌ಲೈನಿನಲ್ಲಿ ಓದಿ ಪದವಿಗೆ ಸೇರಿಸಿಕೊಳ್ಳಲು ಯುಜಿಸಿ 2016ರಲ್ಲಿ ನಿಯಮ ಮಾಡಿತು, ಮರುವರ್ಷ ‘ಸ್ವಯಂ’ ತಾಣ ಬಂತು. ಅಲ್ಲಿ ಬೇಸಿಗೆಗೆಂದೇ ಮೀಸಲಾದ ಸೆಮಿಸ್ಟರ್ ಇಲ್ಲ, ಸರದಿ ಜನವರಿಗೆ ಮತ್ತು ಜುಲೈಗೆ. ಇಂಥ ಓದಿಗೆ ಒಂದು ಸೆಮಿಸ್ಟರಿನಲ್ಲಿ ಶೇ 20ರಷ್ಟಿದ್ದ ಮಿತಿ 2021ರಲ್ಲಿ ಶೇ 40ಕ್ಕೆ ಏರಿದೆ. ಯಾವ ಪಾಠಕ್ಕೆ ಕ್ರೆಡಿಟ್ ಕೊಡಬೇಕು ಎಂಬುದನ್ನು ಈಗಲೂ ಆಯಾ ವಿಶ್ವವಿದ್ಯಾಲಯವೇ ಒಪ್ಪಬೇಕು.